ನೆರೆಯ ಗಿರಣಿ, ನಾಗರಿಕರ ದೂರು

ಸೊಲ್ಲಾಪುರವು ಗಿರಣಿಯಿಂದ ಬೆಳೆದ ಊರು. ಸಿದ್ಧರಾಮನ ಸೊನ್ನಲಿಗೆಯೆಂದು ಕನ್ನಡಿಗರು ನೆನೆಯುವ ಈ ಕ್ಷೇತ್ರದಲ್ಲಿ 1877ರಲ್ಲಿ ಮೊದಲ ಬಟ್ಟೆ ಗಿರಣಿ ಕೆಲಸಕ್ಕೆ ತೊಡಗಿತು. ಮುಂಬಯಿಯ ಉದ್ಯಮಿ ಮೊರಾರಜಿ ಗೋಕುಳದಾಸರು ಸ್ಥಾಪಿಸಿದ ಆ ಗಿರಣಿಗೆ, ಮುಂದೆ ಬೇರೆ ಗಿರಣಿಗಳು ಎದ್ದ ಮೇಲೆ, ‘ಜುನೀ ಗಿರಣಿ’ ಎಂಬ ಹೆಸರು ನಿಂತಿತು. ನರಸಿಂಗಗಿರಜಿ, ಲಕ್ಷ್ಮಿ, ವಿಷ್ಣು ಗಿರಣಿಗಳು ಅದರ ಬೆನ್ನ ಹಿಂದೆ ಬಂದವು. ಸುತ್ತಲಿನ ಕನ್ನಡ, ಮರಾಠಿ ಹಳ್ಳಿಗಳಿಂದಲೂ ತೆಲುಗು ನಾಡಿನ ನೇಕಾರರ ಊರುಗಳಿಂದಲೂ ಜನ ಬಂದು ಅವುಗಳ ಸುತ್ತಲೇ ಮನೆಮಾಡಿದರು. ಪಾಳಿ ಬದಲಾಗುವಾಗ ಕೂಗುವ ಭೋಂಗಾ ಗಡಿಯಾರವಿಲ್ಲದ ಮನೆಗಳಿಗೆ ಗಡಿಯಾರವಾಯಿತು. ಅದು ಕೂಗಿದರೆ ಒಲೆ ಹೊತ್ತಬೇಕು, ಬುತ್ತಿ ಕಟ್ಟಬೇಕು. ಆ ಹಳೆಯ ಗಿರಣಿಗಳು ಒಂದೊಂದಾಗಿ ಮುಚ್ಚಿ ಭೋಂಗಾ ಮೌನವಾದಾಗ ಊರಿಗೆ ಆದದ್ದು ಸಂತೋಷವಲ್ಲ, ದಿಗಿಲು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಕಾರಖಾನೆಯ ಸದ್ದು ಮತ್ತು ನಾತಗಳ ವಿರುದ್ಧ ನೆರೆಯವರು ಹೂಡಿದ ಹೋರಾಟಗಳ ಇತಿಹಾಸವನ್ನು ಬರೆಯುವವರು ಅನೇಕ ವೇಳೆ ಅದನ್ನು ಒಳ್ಳೆಯವರಿಗೂ ಕೆಟ್ಟವರಿಗೂ ನಡೆದ ಕಾಳಗವೆಂದು ಚಿತ್ರಿಸುತ್ತಾರೆ. ನಮ್ಮಂಥ ಊರುಗಳಲ್ಲಿ ಅದು ಹಾಗಿಲ್ಲ. ದೂರುವವನೂ ದುಡಿಯುವವನೂ ಒಂದೇ ಓಣಿಯವರು. ಕೆಲವೊಮ್ಮೆ ಒಂದೇ ಮನೆಯವರು. ಆದುದರಿಂದ ಇಲ್ಲಿನ ನಿಜವಾದ ಪ್ರಶ್ನೆ ಕಾರಖಾನೆ ಬೇಕೋ ಬೇಡವೋ ಎಂಬದಲ್ಲ. ಅದರ ಮೇರೆ ಎಲ್ಲಿ, ಆ ಮೇರೆಯನ್ನು ಗುರುತಿಸುವವರು ಯಾರು ಎಂಬದು.

ಯಂತ್ರಮಗ್ಗದ ಉದಾಹರಣೆಯನ್ನೇ ನೋಡೋಣ. ಸೊಲ್ಲಾಪುರದ ಚಾದರವೂ ಟವೆಲ್ಲೂ ದೇಶದಲ್ಲೆಲ್ಲ ಹೆಸರಾದವು. ಅವನ್ನು ನೇಯುವ ಮಗ್ಗಗಳು ನಗರದ ಪೂರ್ವ ಭಾಗದಲ್ಲಿ ಮನೆಗಳ ನಡುವೆ, ಎಷ್ಟೋ ಕಡೆ ಮನೆಗಳ ಒಳಗೇ, ನೆಲೆಗೊಂಡವು. ಲಾಳಿಯನ್ನು ಅತ್ತಿಂದಿತ್ತ ಹೊಡೆದು ಕಳಿಸುವ ಮಗ್ಗಗಳ ಶಾಲೆಯಲ್ಲಿ ಸದ್ದು 90 ಡೆಸಿಬಲ್ಲನ್ನು ಮೀರುವದು ಸಾಮಾನ್ಯ. ಡೆಸಿಬಲ್ ಎಂಬ ಅಳತೆಯ ಸ್ವಭಾವವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅದು ಗಜಕೋಲಿನಂತೆ ಸಮಸಮನಾಗಿ ಏರುವದಿಲ್ಲ. 10 ಡೆಸಿಬಲ್ ಏರಿದರೆ ಧ್ವನಿಯ ಶಕ್ತಿ 10 ಪಟ್ಟು ಆಗುತ್ತದೆ. 20 ಏರಿದರೆ 100 ಪಟ್ಟು. ಹೀಗಾಗಿ ಅಂಕಿಯಲ್ಲಿ ಅಲ್ಪವಾಗಿ ತೋರುವ ಅಂತರ ಕಿವಿಗೆ ಅಲ್ಪವಲ್ಲ. ಮಗ್ಗದ ಮುಂದೆ ವರ್ಷಗಟ್ಟಲೆ ನಿಂತವನ ಕಿವಿ ಮೊದಲು ಮಂದವಾಗುತ್ತದೆ. ಗೋಡೆಯಾಚೆಯ ಕೂಸಿನ ನಿದ್ದೆ ಆಮೇಲೆ ಕೆಡುತ್ತದೆ. ಇಬ್ಬರ ಕೇಡಿಗೂ ಮೂಲ ಒಂದೇ.

ನೆರೆಯವನಿಗೆ ಉಪದ್ರವವಾಗಬಾರದೆಂಬ ಕಟ್ಟಳೆ ಹೊಸದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆ ಕಟ್ಟುವ ಪ್ರಕರಣವೊಂದಿದೆ. ಒಲೆ, ನೀರಿನ ತಾಣ, ಬೀಸುವ ಕಲ್ಲು, ಕುಟ್ಟುವ ಸಾಧನ ಮುಂತಾದವುಗಳನ್ನು ನೆರೆಯವನ ಗೋಡೆಯಿಂದ ಇಷ್ಟು ಅಂತರ ಬಿಟ್ಟು ಇಡಬೇಕೆಂದೂ ತಪ್ಪಿದವರಿಗೆ ದಂಡವೆಂದೂ ಅಲ್ಲಿ ವಿಧಿಸಿದೆ. ಯಂತ್ರಗಳಿಲ್ಲದ ಕಾಲದಲ್ಲಿಯೂ ಬೀಸುವದು ಕುಟ್ಟುವದು ನೆರೆಗೆ ತೊಂದರೆಯಾಗಬಲ್ಲದೆಂಬ ತಿಳಿವಳಿಕೆ ಇದ್ದಿತು. ಅದಕ್ಕೆ ಪರಿಹಾರವಾಗಿ ಕಂಡದ್ದು ಕುಟ್ಟುವದನ್ನು ನಿಲ್ಲಿಸುವದಲ್ಲ, ಅಂತರವನ್ನು ಕಾಯುವದು.

ಆಧುನಿಕ ಕಾಯಿದೆಯ ದಾರಿ ನಮಗೆ ಇಂಗ್ಲಂಡದಿಂದ ಬಂತು. ಅಲ್ಲಿ 1879ರಲ್ಲಿ ತೀರ್ಮಾನವಾದ ಒಂದು ವ್ಯಾಜ್ಯ ಪ್ರಸಿದ್ಧವಾಗಿದೆ. ಲಂಡನ್ನಿನ ಮಿಠಾಯಿಗಾರನೊಬ್ಬ 20 ವರ್ಷಗಳಿಗೂ ಮೀರಿ ತನ್ನ ಅಡಿಗೆಮನೆಯಲ್ಲಿ ಒರಳುಗಳಲ್ಲಿ ಕುಟ್ಟುತ್ತಿದ್ದ. ಬೆನ್ನಿಗೆ ಬೆನ್ನಾಗಿ ಇದ್ದ ಮನೆಯ ವೈದ್ಯನು ತನ್ನ ತೋಟದ ಕೊನೆಯಲ್ಲಿ ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದ ಮೇಲೆ ಆ ಸದ್ದು ಅವನಿಗೆ ಅಸಹ್ಯವಾಯಿತು. ಮೊದಲಿನಿಂದ ನಾನಿದ್ದೇನೆಂಬ ಮಿಠಾಯಿಗಾರನ ವಾದ ನಿಲ್ಲಲಿಲ್ಲ, ವೈದ್ಯ ಗೆದ್ದ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಸಿರಿವಂತರ ಬಡಾವಣೆಯಲ್ಲಿ ಉಪದ್ರವವೆನಿಸುವದು ಕಸುಬಿನವರ ಕೇರಿಯಲ್ಲಿ ಉಪದ್ರವ ಎನಿಸಲಿಕ್ಕಿಲ್ಲ. ವ್ಯವಹಾರದ ದೃಷ್ಟಿಯಿಂದ ಇದು ಸಹಜವೆಂದು ತೋರೀತು. ಆದರೆ ಇದರ ಫಲವೇನು? ಗದ್ದಲವೂ ಗಬ್ಬೂ ಈಗಾಗಲೇ ಇರುವ ಕೇರಿಗೆ ಇನ್ನಷ್ಟು ಗದ್ದಲ, ಇನ್ನಷ್ಟು ಗಬ್ಬು ಹೋಗಿ ಸೇರುತ್ತದೆ. ಅಲ್ಲಿನವರಿಗೆ ರೂಢಿಯಾಗಿದೆಯೆಂದು ಹೇಳಿ ಕೈತೊಳೆಯಲು ದಾರಿಯಾಗುತ್ತದೆ.

ಭಾರತದಲ್ಲಿ 1860ರ ದಂಡಸಂಹಿತೆ ಸಾರ್ವಜನಿಕ ಉಪದ್ರವವನ್ನು ಅಪರಾಧವೆಂದು ಹೇಳಿತು. ಅದರ 268ನೆಯ ಕಲಮಿನ ಒಂದು ಅಂಶವನ್ನು ಬಹಳ ಜನ ಅರಿಯರು: ಉಪದ್ರವದಿಂದ ಏನೋ ಒಂದು ಅನುಕೂಲವೋ ಲಾಭವೋ ಆಗುತ್ತದೆಂಬ ಕಾರಣಕ್ಕೆ ಅದು ಕ್ಷಮ್ಯವಾಗದು. ಗಾಳಿಯನ್ನು ಕೆಡಿಸುವವನಿಗೆ 278ನೆಯ ಕಲಮು ವಿಧಿಸಿದ ದಂಡ ಮಾತ್ರ 500 ರೂಪಾಯಿಗಳ ಮೇರೆಯನ್ನು ದಾಟಲಿಲ್ಲ. 1912ರಲ್ಲಿ ಮುಂಬಯಿ ಸರಕಾರ ಹೊಗೆಯ ಉಪದ್ರವಕ್ಕಾಗಿಯೇ ಒಂದು ಕಾಯಿದೆ ಮಾಡಿತು. ಹೊಗೆ ಕಣ್ಣಿಗೆ ಕಾಣುತ್ತದೆ. ಅದರ ಕಪ್ಪನ್ನು ಅಳೆಯಬಹುದು. ಸದ್ದು ಮತ್ತು ನಾತಗಳ ಗತಿ ಬೇರೆ. ಅಧಿಕಾರಿ ಬರುವ ಹೊತ್ತಿಗೆ ಯಂತ್ರ ನಿಂತಿರುತ್ತದೆ, ಗಾಳಿ ದಿಕ್ಕು ಬದಲಿಸಿರುತ್ತದೆ. ಮೂಗಿನ ಸ್ವಭಾವವೂ ದೂರುವವನಿಗೆ ಪ್ರತಿಕೂಲ. ಒಂದೇ ವಾಸನೆಯಲ್ಲಿ ಬಹು ಹೊತ್ತು ಇದ್ದರೆ ಅದು ದಣಿದು ಸುಮ್ಮನಾಗುತ್ತದೆ. ಕೊಳೆತ ತತ್ತಿಯ ನಾತ ಸೂಸುವ ಜಲಜನಕ ಸಲ್ಫೈಡ್ ಅನಿಲವನ್ನು ನೂರು ಕೋಟಿ ಭಾಗ ಗಾಳಿಯಲ್ಲಿ ಕೆಲವೇ ಭಾಗ ಇದ್ದರೂ ಮೂಗು ಗುರುತಿಸಬಲ್ಲದು. ಆದರೆ ಅದೇ ಅನಿಲ ಅಪಾಯದ ಮಟ್ಟಕ್ಕೆ ಹೆಚ್ಚಿದಾಗ ಮೂಗು ಸೋತು ಏನನ್ನೂ ಹೇಳಲಾರದು.

ಈ ತೊಡಕುಗಳ ನಡುವೆ ಬಡ ಓಣಿಯೊಂದು ಗೆದ್ದ ಕಥೆ ಮಧ್ಯಪ್ರದೇಶದ ರತಲಾಮದ್ದು. ಅಲ್ಲಿನ ಹೊಸ ರಸ್ತೆಯ ನಿವಾಸಿಗಳಿಗೆ ತೆರೆದ ಗಟಾರಗಳ ಹೊಲಸಿನ ಜೊತೆಗೆ ಮದ್ಯಸಾರದ ಕಾರಖಾನೆಯಿಂದ ಬೀದಿಗೆ ಹರಿಯುವ ದುರ್ನಾತದ ನೀರನ್ನೂ ಸಹಿಸಬೇಕಾಗಿತ್ತು. 1970ರ ದಶಕದಲ್ಲಿ ಅವರು ಅಪರಾಧ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನ ಮೇರೆಗೆ ದಂಡಾಧಿಕಾರಿಗಳಲ್ಲಿ ದೂರಿತ್ತರು. ದಂಡಾಧಿಕಾರಿ ನಗರಸಭೆಗೆ ಅಪ್ಪಣೆ ಕೊಟ್ಟರು. ಸತ್ರ ನ್ಯಾಯಾಲಯ ಆ ಅಪ್ಪಣೆಯನ್ನು ಒಪ್ಪಲಿಲ್ಲ. ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನಗರಸಭೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ತಮ್ಮಲ್ಲಿ ಹಣವಿಲ್ಲವೆಂಬದು ಅವರ ಮುಖ್ಯ ವಾದ. 1980ರ ಜುಲೈ 29ರಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರರು ಕೊಟ್ಟ ತೀರ್ಪು ಆ ವಾದವನ್ನು ತಳ್ಳಿಹಾಕಿತು. ಜನರ ಆರೋಗ್ಯ ಕಾಯುವದು ನಗರಸಭೆಯ ಮೊದಲ ಕರ್ತವ್ಯ, ಬೊಕ್ಕಸ ಬರಿದಾಗಿದೆಯೆಂಬದು ಅದರಿಂದ ಬಿಡುಗಡೆ ಕೊಡಲಾರದು ಎಂದು ನ್ಯಾಯಾಲಯ ಎತ್ತಿಹೇಳಿತು. ಕಾರಖಾನೆಯ ಹೊಲಸು ನೀರು ಬೀದಿಗೆ ಹರಿಯದಂತೆ ತಡೆಯಬೇಕೆಂದೂ ಸಾರ್ವಜನಿಕ ಶೌಚಗೃಹಗಳನ್ನು 6 ತಿಂಗಳಲ್ಲಿ ಕಟ್ಟಬೇಕೆಂದೂ ಆಜ್ಞೆಯಾಯಿತು. ಲಂಡನ್ನಿನ ವ್ಯಾಜ್ಯದಲ್ಲಿ ಓಣಿಯ ಅಂತಸ್ತು ಅಳತೆಗೋಲಾಗಿದ್ದರೆ ರತಲಾಮದಲ್ಲಿ ಮನುಷ್ಯನ ಮರ್ಯಾದೆಯೇ ಅಳತೆಗೋಲಾಯಿತು.

ಕನ್ನಡ ನಾಡಿನಲ್ಲಿ ಇದಕ್ಕೆ ಸಮೀಪದ ದೃಷ್ಟಾಂತ ತುಂಗಭದ್ರೆಯ ದಂಡೆಯದು. ಹರಿಹರದ ಎದುರಿಗೆ ರಾಣೇಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರಖಾನೆ 1972ರಲ್ಲಿ ಕೆಲಸ ಆರಂಭಿಸಿತು. ರೇಯಾನ್ ನೂಲಿಗೆ ಬೇಕಾದ ತಿರುಳನ್ನು ಅದು ನೀಲಗಿರಿ ಮರದಿಂದ ತೆಗೆಯುತ್ತದೆ. ಅದರ ತ್ಯಾಜ್ಯದ ನೀರು ಹೊಳೆಗೆ ಸೇರುವದರ ಬಗ್ಗೆ ಕೆಳದಂಡೆಯ ಹಳ್ಳಿಗಳವರು ದೂರತೊಡಗಿದರು. 1984ರಲ್ಲಿ ಹೊಳೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದಾಗ ಆ ದೂರಿಗೆ ಎಲ್ಲರೂ ಕಾಣಬಲ್ಲ ಸಾಕ್ಷಿ ದೊರೆಯಿತು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಹಳ್ಳಿಯವರನ್ನು ಕೂಡಿಸಿ ಈ ಪ್ರಶ್ನೆಯನ್ನು ಎತ್ತಿಕೊಂಡಿತು. ಕಾರಖಾನೆ ಮುಚ್ಚಲಿಲ್ಲ, ಇಂದಿಗೂ ನಡೆದಿದೆ. ಆದರೆ ಹೊಳೆಯು ಕಾರಖಾನೆಯ ಗಟಾರವಲ್ಲ, ದಂಡೆಯವರಿಗೂ ಅದರಲ್ಲಿ ಪಾಲುಂಟು ಎಂಬ ಮಾತನ್ನು ಸರಕಾರವೂ ಉದ್ಯಮವೂ ಕೇಳಬೇಕಾಗಿ ಬಂತು.

ಇದೇ ಕಾಲಾವಧಿಯಲ್ಲಿ ಕಾಯಿದೆಗಳೂ ಬೆಳೆದವು. ಮಹಾರಾಷ್ಟ್ರವು 1969ರಲ್ಲಿಯೇ ಜಲಮಾಲಿನ್ಯದ ಕಾಯಿದೆ ಮಾಡಿತು. ಕೇಂದ್ರದ್ದು 1974ರಲ್ಲಿ ಬಂತು. ವಾಯುಮಾಲಿನ್ಯದ ಕಾಯಿದೆ 1981ರಲ್ಲಿ. ಸದ್ದನ್ನೂ ಗಾಳಿಯ ಮಾಲಿನ್ಯವೆಂದು ಎಣಿಸಿದ್ದು 1987ರ ತಿದ್ದುಪಡಿಯಲ್ಲಿ. 2000ದ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಮಿತಿ ಹಾಕಿದವು. ಉದ್ಯಮ ಪ್ರದೇಶಕ್ಕೆ 75 ಮತ್ತು 70. ರಾತ್ರಿಯೆಂದರೆ 10 ಗಂಟೆಯಿಂದ ಬೆಳಗಿನ 6ರ ವರೆಗೆ. ಮಿತಿಯನ್ನು 10 ಡೆಸಿಬಲ್ ಅಥವಾ ಹೆಚ್ಚು ಮೀರಿದಾಗ ಯಾರೇ ಆಗಲಿ ನಿಯೋಜಿತ ಅಧಿಕಾರಿಗೆ ದೂರು ಕೊಡಬಹುದು. ಹಳೆಯ 133ನೆಯ ಕಲಮು 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152ನೆಯದಾಗಿ ಉಳಿದಿದೆ.

ಉದ್ಯಮಕ್ಕೂ ವಸತಿಗೂ ಬೇರೆ ನೆಲೆ ಇರಬೇಕೆಂಬ ವಿಚಾರದಿಂದ 1962ರಲ್ಲಿ ಮಹಾರಾಷ್ಟ್ರದ ಉದ್ಯಮ ವಿಕಾಸ ಮಂಡಳ ಹುಟ್ಟಿತು. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯ ಉದ್ಯಮ ವಸಾಹತು ಆ ವಿಚಾರದ ಫಲ. ಆದರೆ ಊರು ನಿಂತಲ್ಲಿ ನಿಲ್ಲದು. ಕಾರಖಾನೆ ಊರ ಹೊರಗೆ ಹೋದರೆ ಕೂಲಿಕಾರನ ಮನೆ ಅದರ ಹಿಂದೆಯೇ ಹೋಗುತ್ತದೆ. ಕೆಲವು ವರ್ಷಗಳಲ್ಲಿ ಬಿಟ್ಟ ಅಂತರ ಮತ್ತೆ ತುಂಬುತ್ತದೆ. ಅಂತರವನ್ನು ಒಮ್ಮೆ ಗುರುತಿಸಿದರೆ ಸಾಲದು, ಕಾಯುತ್ತಿರಬೇಕು.

ಸೊಲ್ಲಾಪುರದವರು ಕಣ್ಣಾರೆ ಕಂಡ ಈಚಿನ ಪ್ರಕರಣ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರಖಾನೆಯ ಚಿಮಣಿಯದು. ಕಾರಖಾನೆಯ ವಿದ್ಯುತ್ ಉತ್ಪಾದನಾ ಘಟಕಕ್ಕೆಂದು ಕಟ್ಟಿದ, ಸುಮಾರು 90 ಮೀಟರ್ ಎತ್ತರದ ಆ ಚಿಮಣಿ ಹೋಟಗಿ ರಸ್ತೆಯ ವಿಮಾನ ನಿಲ್ದಾಣಕ್ಕೆ ಅಡ್ಡಿಯೆಂದು ನಗರದ ಒಂದು ಪಕ್ಷ ಸರದಿ ಉಪವಾಸ ಹೂಡಿತು. ಕಬ್ಬು ಬೆಳೆಯುವ ಸದಸ್ಯರೂ ಕಾರ್ಮಿಕರೂ ಚಿಮಣಿ ಉಳಿಯಬೇಕೆಂದು ಮೆರವಣಿಗೆ ತೆಗೆದರು. ವ್ಯಾಜ್ಯಗಳು ವರ್ಷಗಟ್ಟಲೆ ನಡೆದು, ಕಡೆಗೆ 2023ರ ಜೂನ್ 15ರಂದು ಚಿಮಣಿಯನ್ನು ಕೆಡವಲಾಯಿತು. ಈ ಬರಹ ಎರಡು ಪಕ್ಷಗಳಲ್ಲಿ ಯಾವುದರ ನ್ಯಾಯವನ್ನೂ ತೂಗಲು ಹೊರಟಿಲ್ಲ. ಆದರೂ ಒಂದು ಸಂಗತಿಯನ್ನು ಕಾಣದಿರಲಾಗದು. ಚಿಮಣಿ ಬಿದ್ದದ್ದು ಅದರ ಎತ್ತರಕ್ಕಾಗಿ, ಹೊಗೆಗಾಗಿ ಅಲ್ಲ. ವಿಮಾನದ ದಾರಿಗೆ ಅಡ್ಡವಾದದ್ದನ್ನು ಮೀಟರುಗಳಲ್ಲಿ ತೋರಿಸಬಹುದಾಗಿತ್ತು. ಓಣಿಯ ನಿದ್ದೆಗೆ ಅಡ್ಡವಾದದ್ದನ್ನು ಹಾಗೆ ಅಳೆದು ತೋರಿಸುವವರು ಇನ್ನೂ ವಿರಳ.

ಹಾಗಾದರೆ ಈ ಇತಿಹಾಸದಿಂದ ತಿಳಿಯುವದೇನು? ಗೆದ್ದ ದೂರುಗಳೆಲ್ಲ ಸಾಕ್ಷಿಯುಳ್ಳ ದೂರುಗಳು. ರತಲಾಮದಲ್ಲಿ ಓಣಿಯ ಗಟಾರವೇ ಸಾಕ್ಷಿ, ತುಂಗಭದ್ರೆಯಲ್ಲಿ ಸತ್ತ ಮೀನುಗಳು ಸಾಕ್ಷಿ. ಇಂಥ ಸಾಕ್ಷಿ ತಾನಾಗಿ ಒದಗದ ಕಡೆ ಅದನ್ನು ಕೂಡಿಡುವದು ನೆರೆಯವರ ಕೆಲಸ: ಯಾವ ದಿನ, ಯಾವ ಗಂಟೆಗೆ, ಗಾಳಿ ಯಾವ ದಿಕ್ಕಿನಿಂದ, ನಾತ ಎಂಥದು, ಸದ್ದು ಎಷ್ಟು ಹೊತ್ತು ಎಂಬದನ್ನು ಹಲವು ಮನೆಗಳವರು ಬೇರೆಬೇರೆಯಾಗಿ ಬರೆದಿಟ್ಟು, ತಿಂಗಳ ಕೊನೆಗೆ ಹೋಲಿಸಿ ನೋಡಬೇಕು. ಒಬ್ಬನ ಗೊಣಗಾಟವೆಂದು ತಳ್ಳಬಹುದಾದದ್ದನ್ನು ಹತ್ತು ಮನೆಗಳ ದಿನಚರಿ ಒಂದೇ ಮಾತು ಹೇಳಿದಾಗ ತಳ್ಳುವದು ಕಷ್ಟ. ಎರಡನೆಯದಾಗಿ, ಬೇಡಿಕೆ ಸ್ಪಷ್ಟವಾಗಿರಬೇಕು. ಮುಚ್ಚಿರಿ ಎಂಬ ಕೂಗು ಕೂಲಿಕಾರನನ್ನು ಮಾಲಿಕನ ಪಕ್ಕಕ್ಕೆ ದೂಡುತ್ತದೆ. ರಾತ್ರಿ ಮಗ್ಗ ನಿಲ್ಲಲಿ, ಗೋಡೆ ದಪ್ಪವಾಗಲಿ, ಹೊಲಸು ನೀರು ಶುದ್ಧವಾಗಿ ಹೊರಬೀಳಲಿ, ಒಳಗೆ ದುಡಿಯುವವನ ಕಿವಿಗೂ ರಕ್ಷೆ ಸಿಗಲಿ ಎಂದು ಕೇಳಿದರೆ ಅವನೂ ಆ ಮನವಿಗೆ ಸಹಿ ಹಾಕಬಲ್ಲ.

ಗಡಿನಾಡಿನ ಕನ್ನಡ ಶಾಲೆಯ ಮಕ್ಕಳಿಗೆ ಇದರಲ್ಲಿ ಇನ್ನೊಂದು ಕೆಲಸವೂ ಇದೆ. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರದ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಹಿರಿಯರು ತಮ್ಮ ಮಾತಿನಲ್ಲಿ ಹೇಳಿದ ತೊಂದರೆಯನ್ನು ಕೇಳಿ, ದಿನ ಮತ್ತು ಗಂಟೆಗಳ ಸಹಿತ ಬರೆದುಕೊಂಡು, ಕಚೇರಿಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಸಲು ಎರಡೂ ಬಲ್ಲ ಮಕ್ಕಳಿಗಿಂತ ಸಮರ್ಥರಾರು? ನಿಬಂಧದ ತಾಸಿನಲ್ಲಿ ಗುರುಗಳು ಒಮ್ಮೆ ಇಂಥ ಮನವಿಯೊಂದನ್ನು ಬರೆಯಿಸಲಿ. ಬರೆಯುವ ಕೈ ಸ್ಪಷ್ಟವಾದರೆ ಕೇಳುವ ಕಿವಿಗೆ ತಪ್ಪಿಸಿಕೊಳ್ಳಲು ಎಡೆ ಕಡಿಮೆ.