ಪಶ್ಚಿಮ ಫಿಲಡೆಲ್ಫಿಯಾ: ವಿಶ್ವವಿದ್ಯಾಲಯ ಎಳೆದ ಎರಡು ಗಡಿಗಳು

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು (ಪೆನ್) ತನ್ನ ನೆರೆಹೊರೆಯನ್ನು ಮೇಲೆತ್ತಿದ ಕಥೆಯನ್ನು ಸಾಮಾನ್ಯವಾಗಿ 1990ರ ದಶಕದಿಂದ ಶುರುಮಾಡುತ್ತಾರೆ. ಅದಕ್ಕೂ ಮೂವತ್ತು ವರ್ಷ ಹಿಂದೆ ಹೋಗದಿದ್ದರೆ ಕಥೆ ಅರ್ಧವೇ.

1959ರಲ್ಲಿ ಪೆನ್, ಡ್ರೆಕ್ಸೆಲ್ ಮತ್ತಿತರ ಸಂಸ್ಥೆಗಳು ವೆಸ್ಟ್ ಫಿಲಡೆಲ್ಫಿಯಾ ಕಾರ್ಪೊರೇಷನ್ ಕಟ್ಟಿಕೊಂಡವು. ಅದೇ ವರ್ಷ ಅಮೆರಿಕದ ವಸತಿ ಕಾಯ್ದೆಗೆ 112ನೇ ಸೆಕ್ಷನ್ ಸೇರಿತು. ವಿಶ್ವವಿದ್ಯಾಲಯ ಸುತ್ತಲಿನ ಜಮೀನು ಕೊಳ್ಳಲು ಮಾಡಿದ ಖರ್ಚನ್ನು ನಗರಾಡಳಿತದ ಪಾಲಿನ ಹಣವೆಂದು ತೋರಿಸಿ ಕೇಂದ್ರದ ಅನುದಾನ ಪಡೆಯಲು ಅದು ದಾರಿ ಮಾಡಿತು. ಕ್ಯಾಂಪಸ್ ಬೆಳೆದಷ್ಟೂ ನಗರದ ಬೊಕ್ಕಸಕ್ಕೆ ಲಾಭ. ನಗರ ನವೀಕರಣದ ನಕ್ಷೆಯಲ್ಲಿ ‘ಯೂನಿಟ್ 3’ ಎಂದು ಗೆರೆ ಬಿದ್ದ ಜಾಗದಲ್ಲಿದ್ದದ್ದು ಬ್ಲ್ಯಾಕ್ ಬಾಟಮ್ ಎಂಬ ಬಡಾವಣೆ. 2,500ಕ್ಕೂ ಹೆಚ್ಚು ಮಂದಿ, ಬಹುಪಾಲು ಆಫ್ರಿಕನ್ ಅಮೆರಿಕನ್ನರು, ಮನೆ ಬಿಟ್ಟರು. ಆ ಜಾಗದಲ್ಲಿ ಸೈನ್ಸ್ ಸೆಂಟರ್ ಎಂಬ ಸಂಶೋಧನಾ ಕೇಂದ್ರ ಎದ್ದಿತು. 1969ರ ಫೆಬ್ರವರಿಯಲ್ಲಿ ವಿದ್ಯಾರ್ಥಿಗಳು ಪೆನ್‌ನ ಕಾಲೇಜ್ ಹಾಲ್‌ನಲ್ಲಿ ಧರಣಿ ಕೂರಲು ಈ ಒಕ್ಕಲೆಬ್ಬಿಸುವಿಕೆಯೂ ಒಂದು ಕಾರಣ.

ಜುಡಿತ್ ರೋಡಿನ್ ಪೆನ್‌ನ ಅಧ್ಯಕ್ಷೆಯಾಗಿದ್ದ ಅವಧಿಯಲ್ಲಿ (1994–2004) ವರಸೆ ಬದಲಾಯಿತು. ಮನೆ ಕೆಡವುವ ಬದಲು ಬೀದಿದೀಪ, ಕಾವಲು, ಕಸ ವಿಲೇವಾರಿ. ಸಮೀಪದಲ್ಲೇ ಮನೆ ಕೊಳ್ಳುವ ನೌಕರರಿಗೆ ನೆರವು. ಬೀದಿಗಳ ಸ್ವಚ್ಛತೆ, ಸುರಕ್ಷತೆ ನೋಡಿಕೊಳ್ಳಲು 1997ರಲ್ಲಿ ಯೂನಿವರ್ಸಿಟಿ ಸಿಟಿ ಡಿಸ್ಟ್ರಿಕ್ಟ್ ಎಂಬ ಸಂಸ್ಥೆ. ಎಲ್ಲಕ್ಕಿಂತ ದೊಡ್ಡ ಪರಿಣಾಮ ಬೀರಿದ್ದು, ನನ್ನ ಮಟ್ಟಿಗೆ, 2001ರಲ್ಲಿ ತೆರೆದ ಸರ್ಕಾರಿ ಶಾಲೆ. ಪ್ರತಿ ಮಗುವಿಗೆ ಇಂತಿಷ್ಟೆಂದು ಪೆನ್ ಹಣ ಸೇರಿಸುವ ಈ ಶಾಲೆಗೆ, ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಸೇಡಿ ಅಲೆಕ್ಸಾಂಡರ್ ಅವರ ಹೆಸರು. ಪ್ರವೇಶ ವ್ಯಾಪ್ತಿಯ ಗೆರೆಯೊಳಗೆ ಮನೆಗಳ ಬೆಲೆ ಏರಿತು. ಗೆರೆಯಾಚೆ ಅಷ್ಟು ಏರಲಿಲ್ಲ. 2013ರ ಜನವರಿಯಲ್ಲಿ ಕಿಂಡರ್‌ಗಾರ್ಟನ್ ಸೀಟಿಗಾಗಿ ಪೋಷಕರು ಕೊರೆಯುವ ಚಳಿಯಲ್ಲಿ ದಿನಗಳ ಮೊದಲೇ ಬಂದು ಸಾಲು ನಿಂತರು; ಅಧಿಕಾರಿಗಳು ಲಾಟರಿ ಪದ್ಧತಿ ಘೋಷಿಸಿ ಆ ಸಾಲನ್ನು ಕರಗಿಸಿದರು. ದುಬಾರಿ ಮನೆ ಕೊಂಡವರಿಗೂ ಸೀಟು ಖಾತರಿಯಿಲ್ಲದಾಯಿತು!

ಅಂಕಿಅಂಶ ಓದುವವರು ಇಲ್ಲಿ ಎಡವುವುದುಂಟು. ಈ ಅವಧಿಯಲ್ಲಿ ಇಲ್ಲಿ ಅಪರಾಧ ಇಳಿದದ್ದರ ಶ್ರೇಯ ಪೂರ್ತಿ ಪೆನ್‌ಗೆ ಸಲ್ಲದು; 1990ರ ದಶಕದಲ್ಲಿ ಅಮೆರಿಕದ ದೊಡ್ಡ ನಗರಗಳಲ್ಲೆಲ್ಲ ಅದು ಇಳಿಯುತ್ತಿತ್ತು. ಬಡತನದ ಪ್ರಮಾಣವಂತೂ ಇನ್ನೂ ಜಾರು ನೆಲ. ಹಾಸ್ಟೆಲ್‌ವಾಸಿಗಳನ್ನು ಅಲ್ಲಿನ ಜನಗಣತಿ ಇಲಾಖೆ ಬಡತನದ ಲೆಕ್ಕದಿಂದ ಹೊರಗಿಡುತ್ತದೆ; ಹೊರಗೆ ಬಾಡಿಗೆಗಿರುವ, ವರಮಾನವಿಲ್ಲದ ವಿದ್ಯಾರ್ಥಿಗಳು ಬಡವರ ಸಾಲಿಗೆ ಬೀಳುತ್ತಾರೆ. ಹೊಸ ಹಾಸ್ಟೆಲ್ ಕಟ್ಟಿ ಅವರನ್ನು ಒಳಗೆ ಕರೆದುಕೊಂಡರೆ ಸಾಕು, ಒಂದೇ ಒಂದು ಬಡ ಕುಟುಂಬಕ್ಕೂ ಏನೂ ಆಗದೆ ಬಡತನ ‘ಇಳಿಯುತ್ತದೆ’. ಹಾಗಾಗಿ ಮೊದಲಿದ್ದ ಕುಟುಂಬಗಳು ಎಲ್ಲಿಗೆ ಹೋದವೆಂದು ಬೆನ್ನುಹತ್ತದ ಅಧ್ಯಯನವನ್ನು ನವೀಕರಣಕ್ಕೆ ಪುರಾವೆಯಾಗಿ ಒಪ್ಪಲು ನಾನು ಹಿಂಜರಿಯುತ್ತೇನೆ.

ಕುಟುಂಬಗಳು ಮನೆ ಬಿಡುವ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಹಳೆಯ ಬ್ಲ್ಯಾಕ್ ಬಾಟಮ್ ನೆಲದಲ್ಲೇ, 40ನೇ ಬೀದಿ–ಮಾರ್ಕೆಟ್ ಬೀದಿ ಕೂಡುವಲ್ಲಿ, ಸಹಾಯಧನದ 70 ಬಾಡಿಗೆ ಮನೆಗಳಿದ್ದವು. ಸರ್ಕಾರದೊಂದಿಗಿನ ಒಪ್ಪಂದ ಮುಂದುವರಿಸುವುದಿಲ್ಲವೆಂದು 2021ರಲ್ಲಿ ಮಾಲೀಕರು ತಿಳಿಸಿದರು. ಮಾಲೀಕತ್ವ ಪೆನ್‌ನದ್ದಲ್ಲ. ಆದರೂ ಈ ಮನೆಗಳನ್ನು ಉಳಿಸಲು 2022ರ ಆಗಸ್ಟ್‌ನಲ್ಲಿ ಪ್ರತಿಭಟನಾಕಾರರು ಘೋಷಣೆ ಕೂಗಿ ತಡೆದದ್ದು ಪೆನ್‌ನ ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭವನ್ನು.