ಎಲೆ ತುದಿಯ ಉಪ್ಪು

ಮಾರ್ಚ್ ತಿಂಗಳಲ್ಲಿ ಒಣಮೀನು ವ್ಯಾಪಾರದ ಬಗ್ಗೆ ವರದಿ ಮಾಡಲು ಮೂರು ದಿನ ಕರಾವಳಿಗೆ ಹೋಗಿದ್ದೆ. ಹಾವೇರಿಯಿಂದ ಶಿರಸಿ, ಅಲ್ಲಿಂದ ದೇವಿಮನೆ ಘಟ್ಟ ಇಳಿದು ಕುಮಟಾ. ಬಸ್ಸಿಳಿದಾಗ ಮಧ್ಯಾಹ್ನ ಒಂದೂವರೆ. ಹತ್ತಿರದ ಖಾನಾವಳಿಯಲ್ಲಿ ಕೂತೆ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಮುರುಗಲ ಹಣ್ಣಿನ ಕಡಿ. ಎಲ್ಲಕ್ಕಿಂತ ಮೊದಲು ಎಲೆ ತುದಿಗೆ ಬಿದ್ದದ್ದು ಒಂದು ಚಿಟಿಕೆ ಉಪ್ಪು. ಹರಳು ಹರಳಾಗಿತ್ತು, ಬಣ್ಣ ಸ್ವಲ್ಪ ಮಣ್ಣುಮಣ್ಣು.

"ಇದು ಪ್ಯಾಕೆಟ್ ಉಪ್ಪಲ್ಲ ಅಲ್ಲವಾ ಅಮ್ಮ?" ಎಂದೆ.

"ಸಾಣಿಕಟ್ಟೆದು. ಉಪ್ಪಿನಕಾಯಿಗೆ, ಮೀನಿಗೆ ಇದೇ ಆಗ್ಬೇಕು. ನಿಮ್ಮ ಕಡೆ ಸಿಗೂದಿಲ್ವಾ?" ಎಂದರು ಬಡಿಸುತ್ತಿದ್ದವರು.

ಈಗ ನಮ್ಮೂರಲ್ಲಿ ಸಿಗುವುದಿಲ್ಲ. ಆದರೆ ಹಿಂದೆ ಕರಾವಳಿಯ ಉಪ್ಪು ಘಟ್ಟ ಹತ್ತಿ ನಮ್ಮ ಕಡೆ ಬರುತ್ತಿತ್ತು. ಅದು ಬಂದದ್ದು ನಮ್ಮ ಹತ್ತಿಯ ಗಾಡಿಯಲ್ಲಿ.

19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು, ಅಲ್ಲಿಂದ ಹಡಗಿನಲ್ಲಿ ಮುಂಬೈಗೆ. ಬೆಳೆದವರು ನಾವು, ಆದರೆ ಪೇಟೆಯಲ್ಲಿ ಅದರ ಹೆಸರು 'ಕುಮಟಾ ಹತ್ತಿ'. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಹತ್ತಿಗೆ ಬೇಡಿಕೆ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ವ್ಯಾಪಾರದ ಲೆಕ್ಕವೇ ಇತ್ತು. ಹತ್ತಿ ಇಳಿಸಿದ ಗಾಡಿ ಖಾಲಿ ವಾಪಸ್ ಬರುತ್ತದೆಯೇ? ಉಪ್ಪು, ತೆಂಗಿನಕಾಯಿ, ಒಣಮೀನು ಹೇರಿಕೊಂಡು ಬರುತ್ತಿತ್ತು. 1880ರ ದಶಕದಲ್ಲಿ ಧಾರವಾಡದ ಕಡೆಗೆ ರೈಲು ಬಂತು. ಹತ್ತಿ ರೈಲು ಹತ್ತಿತು, ಕುಮಟಾ ಬಂದರಿನ ಗದ್ದಲ ಇಳಿಯಿತು.

ಮರುದಿನ ಗೋಕರ್ಣದ ದಾರಿಯಲ್ಲಿರುವ ಸಾಣಿಕಟ್ಟೆಗೆ ಹೋದೆ. ಅಘನಾಶಿನಿ ನದಿ ಸಮುದ್ರ ಸೇರುವ ಕಡೆ, ಕಣ್ಣು ಹಾಯಿಸಿದಷ್ಟು ಉಪ್ಪಿನ ಆಗರ. ಭರತದ ನೀರನ್ನು ಒಳಗೆ ಬಿಟ್ಟುಕೊಂಡು, ಮಡಿಯಿಂದ ಮಡಿಗೆ ಹಾಯಿಸಿ, ಬಿಸಿಲಿಗೆ ಕಾಯಿಸಿ, ಹರಳುಗಟ್ಟಿದ ಮೇಲೆ ಎಳೆದು ಗುಡ್ಡೆ ಹಾಕುತ್ತಾರೆ. ಈ ಜಿಲ್ಲೆಯಲ್ಲಿ ಉಪ್ಪು ತೆಗೆಯುವುದು ಆಗೇರ ಸಮುದಾಯದ ಕುಲಕಸುಬು. ಆ ಹೆಸರು ಬಂದದ್ದೇ ಆಗರದಿಂದ. ಬೇಸಿಗೆಯ ಕೆಲವೇ ತಿಂಗಳ ಕೆಲಸ. ನಡುವೆ ಒಂದು ಅಕಾಲ ಮಳೆ ಬಿದ್ದರೆ ದುಡಿದದ್ದೆಲ್ಲ ನೀರಿಗೆ ನೀರು. ನಮ್ಮಲ್ಲಿ ಕಟಾವಿಗೆ ಬಂದ ಜೋಳದ ಮೇಲೆ ಮಳೆ ಸುರಿದ ಹಾಗೆಯೇ.

ಮೂರನೇ ದಿನ ಅಂಕೋಲಾ. ಪೇಟೆಯಲ್ಲಿ ಮಹಿಳೆಯರು ಒಣಮೀನು ಹರಡಿಕೊಂಡು ಕೂತಿದ್ದರು. ಮಳೆಗಾಲಕ್ಕೆಂದು ಈಗಲೇ ಕೊಳ್ಳುವ ಘಟ್ಟದ ಮೇಲಿನವರೂ ಇದ್ದರು. ಉಪ್ಪಿಲ್ಲದಿದ್ದರೆ ಈ ವ್ಯಾಪಾರವೇ ಇಲ್ಲ. ಅಂಥ ಊರಲ್ಲೇ ಒಂದು ಕಾಲಕ್ಕೆ ಉಪ್ಪು ಮಾಡುವುದು ಅಪರಾಧವಾಗಿತ್ತು. ಬ್ರಿಟಿಷ್ ಸರ್ಕಾರ ಉಪ್ಪಿನ ಮೇಲೆ ಹಿಡಿತ ಇಟ್ಟುಕೊಂಡು ತೆರಿಗೆ ಹಾಕಿತ್ತು. ಎದುರಿಗೆ ಸಮುದ್ರ, ಮೇಲೆ ಬಿಸಿಲು, ಆದರೂ ಗಂಜಿಗೆ ಹಾಕುವ ಉಪ್ಪಿಗೆ ಸರ್ಕಾರಕ್ಕೆ ಕಾಸು.

1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪಿನ ಕಾನೂನು ಮುರಿದರು. ಒಂದೇ ವಾರದಲ್ಲಿ, ಏಪ್ರಿಲ್ 13ಕ್ಕೆ, ಅಂಕೋಲಾದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಉಪ್ಪು ತಯಾರಿಸಿ ಹರಾಜು ಹಾಕಿದರು. ಹೋರಾಟ ಅಲ್ಲಿಗೆ ನಿಲ್ಲಲಿಲ್ಲ. ಅಂಕೋಲಾ, ಸಿದ್ದಾಪುರದ ರೈತರು ಭೂಕಂದಾಯ ಕಟ್ಟುವುದಿಲ್ಲ ಎಂದು ಕೂತರು. ಜಮೀನು, ದನಕರು, ಮನೆಯ ಪಾತ್ರೆ ಜಪ್ತಿಯಾದವು. ಅಂಕೋಲಾಕ್ಕೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಬಂದದ್ದು ಹೀಗೆ.

1931ರ ಗಾಂಧಿ-ಇರ್ವಿನ್ ಒಪ್ಪಂದದಲ್ಲಿ ಕಡಲಂಚಿನ ಹಳ್ಳಿಗರು ಮನೆಬಳಕೆಗೆ ಉಪ್ಪು ಮಾಡಿಕೊಳ್ಳಲು ಅನುಮತಿ ಸಿಕ್ಕಿತು. ಉಪ್ಪಿನ ತೆರಿಗೆ ಪೂರ್ತಿ ಹೋಗಲು 1947 ಬರಬೇಕಾಯಿತು.

ಶಾಲೆಯಲ್ಲಿ ನಾವು ಓದಿದ್ದು ದಂಡಿಯ ಬಗ್ಗೆ. ನಮ್ಮೂರಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವ ಅಂಕೋಲಾದ ಬಗ್ಗೆ ನನಗೆ ಗೊತ್ತಾದದ್ದು ಡಿಪ್ಲೊಮಾ ಮುಗಿಸಿ, ಕೆಲಸಕ್ಕೆ ಸೇರಿದ ಮೇಲೆ. ಬರಿ ಒಂದು ಚಿಟಿಕೆ ಉಪ್ಪಿಗಾಗಿ ಹೊಲ ಕಳೆದುಕೊಂಡವರು ನಮ್ಮಂಥ ಒಕ್ಕಲು ಮಕ್ಕಳೇ.

ಬರುವಾಗ ಎರಡು ಕಿಲೋ ಸಾಣಿಕಟ್ಟೆ ಉಪ್ಪು ತಂದೆ. ಅವ್ವ ಮುಟ್ಟಿ ನೋಡಿ, "ಅಜ್ಜಿ ಇದ್ದಾಗ ಇಂಥಾದ್ದ ಬರ್ತಿತ್ತು ನೋಡ. ಮಾವಿನಕಾಯಿಗೆ ಎತ್ತಿಡ್ತೀನಿ" ಅಂದಳು.

ನಿಮ್ಮ ಮನೆಯ ಹಿರಿಯರಿಗೂ ಘಟ್ಟದ ಕೆಳಗಿನ ಉಪ್ಪಿನ ನೆನಪಿರಬಹುದು. ಇವತ್ತು ಊಟಕ್ಕೆ ಕೂತಾಗ ಒಮ್ಮೆ ಕೇಳಿ ನೋಡಿ.