ಪಡುವಾದಿಂದ ಫ್ಲಾರೆನ್ಸಿಗೆ: ಗೆಲಿಲಿಯೊನ ಸ್ಥಾನತ್ಯಾಗ

ಒಂದು ವಿದ್ಯಾಪೀಠವು ನೀಡಿದ ಸ್ಥಾನವನ್ನು ಒಪ್ಪಿಕೊಂಡ ತರುವಾಯ ಅದಕ್ಕಿಂತ ಮೇಲಾದ ಕರೆ ಬಂದರೆ ಮೊದಲಿನದನ್ನು ಬಿಡಬಹುದೇ ಎಂಬ ಪ್ರಶ್ನೆ ಸಂಶೋಧನ ವಿದ್ಯಾರ್ಥಿಗಳನ್ನು ಇಂದೂ ಕಾಡುತ್ತದೆ. 1610ರಲ್ಲಿ ಗೆಲಿಲಿಯೊ ಇದೇ ಪ್ರಶ್ನೆಯನ್ನು ಎದುರಿಸಿದನು. ಅವನು ಕಂಡುಕೊಂಡ ಉತ್ತರವು ಪರಿಶೀಲನೆಗೆ ತಕ್ಕುದಾಗಿದೆ.

ಗೆಲಿಲಿಯೊ 1592ರಲ್ಲಿ ಪಡುವಾ ವಿಶ್ವವಿದ್ಯಾನಿಲಯದ ಗಣಿತಾಧ್ಯಾಪಕನಾದನು. ಪಡುವಾ ಆಗ ವೆನಿಸ್ ಗಣರಾಜ್ಯಕ್ಕೆ ಸೇರಿತ್ತು. 1609ರ ಆಗಸ್ಟಿನಲ್ಲಿ ಅವನು ತನ್ನ ದೂರದರ್ಶಕವನ್ನು ವೆನಿಸಿನ ಪ್ರಮುಖರಿಗೆ ತೋರಿಸಿದಾಗ ಸೆನೆಟ್ ಸಭೆಯು ಅವನ ಹುದ್ದೆಯನ್ನು ಜೀವಾವಧಿ ಸ್ಥಿರಗೊಳಿಸಿ, ವಾರ್ಷಿಕ ವೇತನವನ್ನು 1000 ಫ್ಲಾರಿನ್‌ಗಳಿಗೆ ಏರಿಸಿತು. ಆದರೆ ಈ ಏರಿಕೆ ಕೂಡಲೇ ಜಾರಿಗೆ ಬರುವಂತಿರಲಿಲ್ಲ. ಬೋಧನೆಯ ಹೊಣೆಯೂ ತಪ್ಪುವಂತಿರಲಿಲ್ಲ.

1610ರ ಜನವರಿಯಲ್ಲಿ ಗುರುಗ್ರಹದ ಉಪಗ್ರಹಗಳನ್ನು ಕಂಡ ಗೆಲಿಲಿಯೊ, ಅವುಗಳಿಗೆ ಫ್ಲಾರೆನ್ಸಿನ ಮೆಡಿಚಿ ಮನೆತನದ ಹೆಸರಿಟ್ಟು, ಮಾರ್ಚಿಯಲ್ಲಿ ಪ್ರಕಟವಾದ ತನ್ನ ಗ್ರಂಥವನ್ನು ಗ್ರಾಂಡ್ ಡ್ಯೂಕ್ ಎರಡನೆಯ ಕೋಸಿಮೊನಿಗೆ ಅರ್ಪಿಸಿದನು. ಜುಲೈಯಲ್ಲಿ ಅವನಿಗೆ ಆಸ್ಥಾನದ ಗಣಿತಜ್ಞ ಹಾಗೂ ದಾರ್ಶನಿಕನ ಪದವಿ ದೊರೆಯಿತು. ವೇತನದ ಅಂಕಿ ಇಲ್ಲಿಯೂ 1000ವೇ. ನಾಣ್ಯ ಮಾತ್ರ ಬೇರೆ. ಪಾಠ ಹೇಳುವ ನಿರ್ಬಂಧವಿರಲಿಲ್ಲ. ಅವನನ್ನು ಸೆಳೆದುದು ಹಣವೊಂದೇ ಅಲ್ಲ. ವಿರಾಮ ಮತ್ತು ದಾರ್ಶನಿಕನೆಂಬ ಬಿರುದು ಸಹ. ಸೆಪ್ಟೆಂಬರಿನಲ್ಲಿ ಅವನು ಫ್ಲಾರೆನ್ಸನ್ನು ಸೇರಿದನು.

ಆಗ ಪರಸ್ಥಳದಲ್ಲಿದ್ದ ವೆನಿಸಿನ ಮಿತ್ರ ಸಗ್ರೆಡೊ, ಮರಳಿ ಬಂದು 1611ರಲ್ಲಿ ಬರೆದ ಪತ್ರದಲ್ಲಿ ಕಳವಳ ವ್ಯಕ್ತಪಡಿಸಿದನು. ವೆನಿಸಿನಲ್ಲಿದ್ದ ಸ್ವಾತಂತ್ರ್ಯ ಬೇರೆಲ್ಲಿ ದೊರೆತೀತೆಂಬುದೂ, ಜೆಸ್ಯೂಟರ ಪ್ರಭಾವವಿರುವ ನಾಡಿನಲ್ಲಿ ಏನಾದೀತೆಂಬುದೂ ಅವನ ಶಂಕೆ. ಜೆಸ್ಯೂಟರನ್ನು ವೆನಿಸ್ 1606ರಲ್ಲಿಯೇ ಹೊರಹಾಕಿತ್ತು. ಶಂಕೆ ನಿಜವಾಯಿತು. 1633ರಲ್ಲಿ ರೋಮ್ ಗೆಲಿಲಿಯೊನನ್ನು ವಿಚಾರಣೆಗೆ ಗುರಿಪಡಿಸಿದಾಗ ಮೆಡಿಚಿ ಆಸ್ಥಾನ ಅದನ್ನು ತಡೆಯಲಾರದೆ ಹೋಯಿತು. 1642ರಲ್ಲಿ ಮರಣ ಹೊಂದುವವರೆಗೂ ಅವನು ಬಂಧನದಲ್ಲಿಯೇ ಕಳೆದನು.

ಪಡುವಾದಲ್ಲಿಯೇ ನಿಂತಿದ್ದರೆ ಅವನು ಸುರಕ್ಷಿತನಾಗಿರುತ್ತಿದ್ದನೆಂದು ಖಂಡಿತವಾಗಿ ಹೇಳಲಾಗದು. ವೆನಿಸಿನಲ್ಲಿ 1592ರಲ್ಲಿ ಸೆರೆಸಿಕ್ಕಿದ ಬ್ರೂನೊನನ್ನು ಅದೇ ಗಣರಾಜ್ಯ ಮರುವರ್ಷ ರೋಮಿಗೆ ಒಪ್ಪಿಸಿತು. ಆದರೆ ತನ್ನ ಸೇವೆಯಲ್ಲಿದ್ದ ಪಾವೊಲೊ ಸಾರ್ಪಿಯನ್ನು ರೋಮ್ 1606ರಲ್ಲಿ ಕರೆಸಿಕೊಂಡಾಗ ಒಪ್ಪಿಸಲಿಲ್ಲ. ಬ್ರೂನೊ ಪರದೇಶಿ, ಸಾರ್ಪಿ ರಾಜ್ಯದ ಸಲಹೆಗಾರ. ಜೀವಾವಧಿ ಹುದ್ದೆ ಪಡೆದಿದ್ದ ಗೆಲಿಲಿಯೊನ ಸ್ಥಿತಿ ಸಾರ್ಪಿಯದಕ್ಕೆ ಹೆಚ್ಚು ಸಮೀಪವಾಗಿತ್ತೆಂದು ಊಹಿಸಲು ಅವಕಾಶವಿದೆ.

ಇನ್ನೊಂದು ಸಂಗತಿಯೂ ಗಮನಾರ್ಹ. 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ಅವನ ಚಲನಶಾಸ್ತ್ರದ ಮಹಾಗ್ರಂಥಕ್ಕೆ ಆಧಾರವಾದ ಪ್ರಯೋಗಗಳಲ್ಲಿ ಬಹುಭಾಗ ನಡೆದುದು, ವಿರಾಮವಿಲ್ಲವೆಂದು ಅವನು ತೊರೆದ ಪಡುವಾದಲ್ಲಿಯೇ.

ಆದುದರಿಂದ ಸ್ಥಾನತ್ಯಾಗವನ್ನೇ ದೋಷವೆನ್ನಲಾಗದು. ಅದನ್ನು ತೂಗಿದ ತಕ್ಕಡಿ ಅಪೂರ್ಣವಾಗಿತ್ತು. ವೇತನ, ಬಿರುದು, ವಿರಾಮಗಳು ಕರೆಯ ಪತ್ರದಲ್ಲಿಯೇ ಕಾಣುತ್ತವೆ. ವಿದ್ವಾಂಸನ ಮಾತು ಅಪ್ರಿಯವಾದ ದಿನ ಸಂಸ್ಥೆ ಅವನ ಬೆನ್ನಿಗೆ ನಿಲ್ಲುವುದೇ ಎಂಬುದು ಅದರಲ್ಲಿ ಬರೆದಿರುವುದಿಲ್ಲ. ಅದನ್ನು ಆ ಸಂಸ್ಥೆಯ ಹಿಂದಿನ ನಡತೆಯಿಂದಲೇ ತಿಳಿಯಬೇಕು.